ನಾಲ್ಕು ಒಲೆ ಹಾಕಿದ ದೊಡ್ಡತ್ತೆ

ಕೆಂಪು ಮಣ್ಣಿಗೆ ಸೆಗಣಿ, ಭತ್ತದ ಹೊಟ್ಟು ಸೇರಿಸಿ ಕಾಲಲ್ಲಿ ತುಳಿಯುವಾಗ ಒಂದು ಹಸಿ ವಾಸನೆ ಏಳುತ್ತದೆ. ಕಳೆದ ವಾರ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೂತಿದ್ದ ಕುರ್ಚಿಯಿಂದ ಎದ್ದುಬಿಟ್ಟೆ. ಎಂಬತ್ತು ದಾಟಿದ ಮೇಲೆ ಹಾಗೆಲ್ಲ ದಡಕ್ಕನೆ ಏಳಬಾರದು ಎಂದು ಡಾಕ್ಟರು ಹೇಳಿದ್ದಾರೆ. ಹೇಳಲಿ. ಅವರಿಗೇನು ಗೊತ್ತು ನನ್ನ ಸಂಕಟ.

ಮೊಮ್ಮಗ ಗಾಳಿಬೀಡಿನ ನಮ್ಮ ತೋಟದಲ್ಲಿ ಹೋಂಸ್ಟೇ ಕಟ್ಟಿಸುತ್ತಿದ್ದಾನೆ. ಬರುವ ಪ್ರವಾಸಿಗರಿಗೆ ಹಳೆ ಕಾಲದ ಅಡುಗೆಮನೆ ತೋರಿಸಬೇಕಂತೆ, ಅದಕ್ಕೊಂದು ಮಣ್ಣಿನ ಒಲೆ ಬೇಕಂತೆ. ಉರಿ ಹಾಕುವುದಿಲ್ಲ, ಅನ್ನ ಬೇಯಿಸುವುದಿಲ್ಲ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಒಲೆ! ಹಿತ್ತಲಲ್ಲಿ ಆಳು ಮಣ್ಣು ತುಳಿಯುತ್ತಿದ್ದ. ಮುಂದಿನ ಜಗಲಿಯಲ್ಲಿ ಮಡಿಕೇರಿಯಿಂದ ಬಂದ ಆಡಿಟರು ಬಿಳಿ ಹಾಳೆಯ ಮೇಲೆ ಚೌಕ ಚೌಕ ಗೀಚಿ, ಒಂದೊಂದು ಚೌಕದೊಳಗೆ ಒಂದೊಂದು ಹೆಸರು ಬರೆಯುತ್ತಿದ್ದರು. ಜಾಗ ಯಾರ ಹೆಸರಲ್ಲಿ, ಕಟ್ಟಡ ಯಾರ ಹೆಸರಲ್ಲಿ, ಬರುವ ಆದಾಯ ಯಾರ ಲೆಕ್ಕಕ್ಕೆ, ಹೇಗೆ ಹಂಚಿದರೆ ತೆರಿಗೆ ಕಡಿಮೆ... ಹಿಂದೆ ಒಲೆ, ಮುಂದೆ ಚೌಕ, ನಡುವೆ ನಾನು. ಇದನ್ನೆಲ್ಲ ನಾನು ಒಮ್ಮೆ ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಕೈಯಾರೆ ಬರೆದಿದ್ದೇನೆ.

ಅವತ್ತಿನಿಂದ ದೊಡ್ಡತ್ತೆ ನನ್ನನ್ನು ಬಿಟ್ಟಿಲ್ಲ. ಕೂತರೆ ನಿಂತರೆ ಅವರದೇ ಧ್ಯಾನ. ಬರೆದಾದರೂ ಹಾಕೋಣ, ಸ್ವಲ್ಪ ಹಗುರವಾದೀತು ಎಂದು ಈ ಪುಸ್ತಕ ತೆಗೆದಿದ್ದೇನೆ. ಹಗುರವಾಗುವುದು ಅನುಮಾನ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ಮಂತ್ರಿಗಳೂ ಮಡಿಕೇರಿಯಲ್ಲೇ, ಕಾನೂನು ಮಾಡುವುದೂ ಮಡಿಕೇರಿಯಲ್ಲೇ. ನಾನು ಭಾಗಮಂಡಲದ ಕಡೆಯವಳು. ಹತ್ತನೆಯವರೆಗೆ ಓದಿ, ದುಂಡಗೆ ಬರೆಯಲು ಕಲಿತು, ಆ ಬರವಣಿಗೆಯ ಜಂಬದ ಜೊತೆಗೇ ಗಾಳಿಬೀಡಿನ ಮನೆಗೆ ಸೊಸೆಯಾಗಿ ಬಂದೆ. ಮನೆಯಲ್ಲಿ ನನ್ನ ಮಾವ, ಅತ್ತೆ, ಮಾವನ ಇಬ್ಬರು ತಮ್ಮಂದಿರು, ಅವರ ಹೆಂಡತಿ ಮಕ್ಕಳು, ನನ್ನ ಗಂಡ. ಎಲ್ಲರ ಮೇಲೆ ದೊಡ್ಡತ್ತೆ. ಅವರು ಮಾವನ ತೀರಿಹೋದ ಅಣ್ಣನ ಹೆಂಡತಿ. ಮಕ್ಕಳಿರಲಿಲ್ಲ. ತವರು ಘಟ್ಟದ ಕೆಳಗೆ ಸುಳ್ಯದ ಕಡೆ. ಮಾವ ಅವರನ್ನು ಅತ್ತಿಗೆ ಎನ್ನುತ್ತಿದ್ದರು, ನನ್ನ ಗಂಡ ದೊಡ್ಡವ್ವ ಎನ್ನುತ್ತಿದ್ದರು, ಲೈನ್‌ಮನೆಯ ಆಳುಗಳು ದೊಡ್ಡಮ್ಮ ಎನ್ನುತ್ತಿದ್ದರು. ನನಗೆ ದೊಡ್ಡತ್ತೆ.

ಆ ಹೆಂಗಸು ಕೂತದ್ದನ್ನು ನಾನು ಸರಿಯಾಗಿ ಕಂಡದ್ದೇ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರು. ಕಣದಲ್ಲಿ ಒಣಗುವ ಕಾಫಿ ಕೈಯಾಡಿಸಿ ಬರುವುದು, ಒಲೆಯ ಸೌದೆ ಮುಂದೆ ತಳ್ಳುವುದು, ಮತ್ತೆ ಕಣಕ್ಕೆ ಓಡುವುದು, ಅಲ್ಲಿಂದ ದನದ ಹಟ್ಟಿಗೆ. ಊಟವೂ ಒಲೆಯ ಪಕ್ಕ ನಿಂತುಕೊಂಡೇ, ಎಡಗೈಯಲ್ಲಿ ತಟ್ಟೆ ಹಿಡಿದು. ನಾನು ಬಂದ ಹೊಸತರಲ್ಲಿ, ತವರಿನ ನೆನಪಾಗಿ ಹಿಂಬಾಗಿಲಲ್ಲಿ ಮೋರೆ ಇಳಿಬಿಟ್ಟು ನಿಂತರೆ ಎಲ್ಲಿದ್ದರೂ ಬಂದುಬಿಡುತ್ತಿದ್ದರು. “ಎಂತ ಗೂಡೇ, ಊಟ ಆತಾ?” ಗೂಡೆ ಎಂದರೆ ನಮ್ಮ ಅರೆಭಾಷೆಯಲ್ಲಿ ಹುಡುಗಿ. ಆ ಮನೆಯಲ್ಲಿ ನನ್ನನ್ನು ಸೊಸೆ ಎನ್ನದೆ ಹುಡುಗಿ ಎಂದವರು ಅವರೊಬ್ಬರೇ.

ಅಡುಗೆಮನೆಯಲ್ಲಿ ಒಂದೇ ಒಲೆ. ಗೋಡೆಯುದ್ದಕ್ಕೂ ಹಬ್ಬಿದ ಮೂರು ಬಾಯಿಯ ಒಲೆ. ದೊಡ್ಡತ್ತೆ ಮದುವೆಯಾಗಿ ಬರುವ ಮೊದಲಿನಿಂದಲೂ ಅದರ ಕೆಂಡ ಆರಿಲ್ಲ ಎಂದು ಹೇಳುತ್ತಿದ್ದರು. ಯಾರು ಎಷ್ಟು ಹೊತ್ತಿಗೆ ಬಂದರೂ ಅನ್ನ ಇರುತ್ತಿತ್ತು. ಯಾರಿಗೆ ಎಷ್ಟು, ಯಾವುದು ಯಾರದ್ದು ಎಂಬ ಮಾತೇ ಇರಲಿಲ್ಲ.

ಜಮೀನೂ ಹಾಗೆಯೇ. ನಮ್ಮದು ಜಮ್ಮಾ ಜಮೀನು. ಮಾರುವಂತಿಲ್ಲ, ತುಂಡು ಮಾಡಿ ಹಂಚುವಂತಿಲ್ಲ. ಅದಕ್ಕೆ ಪ್ರತಿಯಾಗಿ ಉಳಿದವರ ಜಮೀನಿಗಿಂತ ಅರ್ಧ ಕಂದಾಯ. ಇಡೀ ಕುಟುಂಬದ ಪರವಾಗಿ ಹಿರಿಯ ಗಂಡಸೊಬ್ಬನ ಹೆಸರಲ್ಲಿ ಪಟ್ಟೆ ಇರುತ್ತದೆ, ಆತ ಪಟ್ಟೇದಾರ. ಮೊದಲು ದೊಡ್ಡತ್ತೆಯ ಗಂಡ ಪಟ್ಟೇದಾರರಾಗಿದ್ದರು. ಅವರು ಹೋದ ಮೇಲೆ ನನ್ನ ಮಾವ. ಮನೆಯ ಹೆಂಗಸರಿಗೆ, ಗಂಡ ಇರಲಿ ಬಿಡಲಿ, ಆ ಮನೆಯ ಅನ್ನ ಬಟ್ಟೆಯ ಹಕ್ಕು ಸಾಯುವ ತನಕ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಬರೆಯಬೇಕು ಎಂದು ಯಾರಿಗೂ ತೋಚಿರಲಿಲ್ಲ.

ಹಾಗಿರುವಾಗ ಬಂತು ನೋಡಿ, ಕಾಫಿಯ ಆದಾಯದ ಮೇಲೆ ಹೊಸ ತೆರಿಗೆ. ಕಂದಾಯ ಬೇರೆ, ಇದು ಬೇರೆ. ಅವಿಭಕ್ತ ಕುಟುಂಬವೆಂದರೆ ಸರ್ಕಾರದ ಲೆಕ್ಕದಲ್ಲಿ ಒಬ್ಬನೇ ಮನುಷ್ಯ. ಅಷ್ಟೂ ಮಂದಿ ತಿನ್ನುವ ಕಾಫಿಯ ದುಡ್ಡು ಆ ಒಬ್ಬನೇ ಗಳಿಸಿದ ಹಾಗೆ. ಆದಾಯ ಮೇಲೆ ಹೋದಷ್ಟೂ ತೆರಿಗೆಯ ದರವೂ ಮೇಲೆ. ಅದೇ ಬೇರೆ ಬೇರೆಯಾದ ಕುಟುಂಬವಾದರೆ ಒಬ್ಬೊಬ್ಬರ ಪಾಲಿಗೆ ಬರುವುದು ಚೂರು. ತೆರಿಗೆಯೇ ಬೀಳದೆ ಹೋದರೂ ಹೋಯಿತು. ಮಾವ ಆ ನೋಟೀಸು ಹಿಡಿದುಕೊಂಡು ಜಗಲಿಯಲ್ಲಿ ಶತಪಥ ತಿರುಗುತ್ತಿದ್ದರು. ಕುಳಿತುಕೊಳ್ಳಲಾರರು, ತೋಟಕ್ಕೆ ಹೋಗಲಾರರು. ಹಾಗೆ ತಿರುಗಿ ತಿರುಗಿ ಕೊನೆಗೊಂದು ದಿನ ಮಡಿಕೇರಿಗೆ ಹೋಗಿ, ಕೋಟೆಯ ಬಾಗಿಲ ಬಳಿ ಮೇಜು ಹಾಕಿ ಕೂರುತ್ತಿದ್ದ ಅರ್ಜಿ ಬರೆಯುವವರನ್ನು ಮನೆಗೇ ಕರೆದುಕೊಂಡು ಬಂದರು.

ಮೈಸೂರು ಕಡೆಯ ಮನುಷ್ಯ. ಕರಿ ಕೋಟು, ಕಿವಿಯ ಸಂದಿಯಲ್ಲಿ ಪೆನ್ಸಿಲು. ಅಕ್ಕಿ ರೊಟ್ಟಿ, ಕೋಳಿ ಸಾರು ಪೊಗದಸ್ತಾಗಿ ಹೊಡೆದು, ಎಲೆ ಅಡಿಕೆ ಹಾಕಿಕೊಂಡು ಉಪದೇಶಕ್ಕೆ ಕೂತರು.

“ನೋಡಿ ಗೌಡ್ರೆ, ಪಾಲಾಗಿದೆ ಅಂತ ಕಾಗದ ಮಾಡೋದು ನನ್ನ ಕೆಲಸ. ಆದ್ರೆ ಕಾಗದ ನೋಡಿ ನಂಬೋರಲ್ಲ ಅವರು. ಮನೆಗೆ ಬರ್ತಾರೆ. ಬಂದು ಸೀದಾ ಅಡುಗೆಮನೆಗೆ ಹೋಗ್ತಾರೆ. ಒಂದು ಒಲೆ ಇದ್ರೆ ಒಂದು ಸಂಸಾರ, ನಾಲ್ಕು ಒಲೆ ಇದ್ರೆ ನಾಲ್ಕು ಸಂಸಾರ. ಅಷ್ಟೇ ಅವರ ಲೆಕ್ಕ.”

ಮೂವರು ಅಣ್ಣತಮ್ಮಂದಿರಿಗೆ ಮೂರು ಒಲೆ. ಮದುವೆಯಾದ ಮಗ ಎಂದು ನನ್ನ ಗಂಡನಿಗೆ ಒಂದು. ಒಟ್ಟು ನಾಲ್ಕು. ಎಲ್ಲ ಬರೀ ತೋರಿಕೆಗೆ. ಆಫೀಸರು ಬಂದು ನೋಡಿಹೋದ ಮೇಲೆ ಮೂರನ್ನು ಕೆಡವಿದರಾಯಿತು ಎಂದು ಮಾತಾಯಿತು.

ಯಾವ ಒಲೆಗೆ ಯಾರ್‍ಯಾರು ಸೇರಿದವರು ಎಂದು ಒಂದು ಪಟ್ಟಿ ಬೇಕಿತ್ತು. ಅರ್ಜಿ ಬರೆಯುವವರು ಮಡಿಕೇರಿಯ ಬಸ್ಸು ಹಿಡಿಯಬೇಕಾದ ಗಡಿಬಿಡಿಯಲ್ಲಿದ್ದರು. ಮಾವ ನನ್ನನ್ನು ಕರೆದರು. ಹೊಸ ಸೊಸೆಯ ಅಕ್ಷರ ಮುತ್ತಿನ ಹಾಗೆ ಎಂದು ಅವರಿಗೆ ಹೆಮ್ಮೆ. ನನಗೂ ಹೆಮ್ಮೆಯೇ ಎನ್ನಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಶಾಯಿ ಪೆನ್ನು ಹಿಡಿದು ಕೂತೆ. ನಾಲ್ಕು ಗೆರೆ ಎಳೆದು ನಾಲ್ಕು ಅಂಕಣ ಮಾಡಿದೆ. ಮಾವ, ಅತ್ತೆ ಮೊದಲ ಅಂಕಣಕ್ಕೆ. ಚಿಕ್ಕಮಾವಂದಿರು, ಅವರ ಹೆಂಡತಿ ಮಕ್ಕಳು ಎರಡು ಮೂರಕ್ಕೆ. ನಾನೂ ನನ್ನವರೂ ನಾಲ್ಕನೆಯದಕ್ಕೆ. ತೊಟ್ಟಿಲ ಕೂಸಿನ ಹೆಸರನ್ನೂ ಬಿಡದೆ ಬರೆದೆ. ಆಮೇಲೆ ಪೆನ್ನು ಎತ್ತಿಕೊಂಡು, “ದೊಡ್ಡತ್ತೆಯನ್ನು ಎಲ್ಲಿ ಬರೆಯಲಿ?” ಎಂದೆ.

ಅರ್ಜಿ ಬರೆಯುವವರು ಬಾಯಲ್ಲಿದ್ದ ಎಲೆ ಅಡಿಕೆ ಒಂದು ಕಡೆಗೆ ಒತ್ತಿಕೊಂಡು, “ಗಂಡ ಇಲ್ಲ, ಮಕ್ಕಳಿಲ್ಲ, ಪಾಲಿನ ಪ್ರಶ್ನೆ ಬರೋದಿಲ್ಲ. ಯಾರದಾದ್ರೂ ಒಂದು ಒಲೆಗೆ ಸೇರಿಸಿ” ಎಂದರು.

ಮಾವನಿಗೆ ಎಲ್ಲಿಲ್ಲದ ಕೋಪ ಬಂತು. ಅತ್ತಿಗೆಯನ್ನು ಒಬ್ಬರ ಪಾಲಿಗೆ ಬರೆದುಕೊಡುವುದೆಂದರೆ ಏನು, ಅವರೇನು ಹಟ್ಟಿಯ ಹಸುವೇ, ಅವರು ಎಲ್ಲರಿಗೂ ಸೇರಿದವರು ಎಂದು ಗದರಿದರು. ಚಿಕ್ಕಮಾವಂದಿರೂ ಹೌದೌದು ಎಂದರು. ಒಬ್ಬರು ನಮ್ಮ ಒಲೆಗೆ ಎಂದರೆ ಇನ್ನೊಬ್ಬರಿಗೆ ಮುಖ ಸಣ್ಣದಾಗುತ್ತದೆ. ಆ ಮರ್ಯಾದೆಗೆ ಯಾರೂ ಬಾಯಿ ಬಿಡಲಿಲ್ಲ. ನಾನಾದರೂ ನನ್ನ ಅಂಕಣದಲ್ಲಿ ಬರೆದುಕೊಳ್ಳಬಹುದಿತ್ತು. ಅಲ್ಲಿ ಎರಡೇ ಹೆಸರು, ಜಾಗ ಬೇಕಾದಷ್ಟಿತ್ತು. ಹೊಸ ಸೊಸೆ, ನಾನ್ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಾದೆ. ಪಟ್ಟಿ ಮಡಚಿ ಅವರು ಕೋಟಿನ ಜೇಬಿಗೆ ಇಳಿಸಿದರು. ಎಲ್ಲರಿಗೂ ಸೇರಿದವರು ಎಂಬ ಪ್ರೀತಿಯಲ್ಲೇ ದೊಡ್ಡತ್ತೆ ಯಾರ ಲೆಕ್ಕಕ್ಕೂ ಸೇರದೆ ಹೋದರು.

ಇಷ್ಟೆಲ್ಲ ಆಗುವಾಗ ಅವರು ಎಲ್ಲಿದ್ದರು ಎಂದಿರಾ? ಅರ್ಜಿ ಬರೆಯುವವರಿಗೆ ಕಾಫಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ಲೋಟ ಕೊಟ್ಟು ಒಳಗೆ ಹೋದರು. ಕೇಳಿಸಿತ್ತೋ ಇಲ್ಲವೋ... ಈಗ ಯಾರನ್ನು ಕೇಳಲಿ.

ಒಲೆ ಹಾಕುವುದು ಆ ಮನೆಯಲ್ಲಿ ಗೊತ್ತಿದ್ದದ್ದು ದೊಡ್ಡತ್ತೆಗೆ ಒಬ್ಬರಿಗೇ. ಮಾರನೆಯ ದಿನವೇ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿಯಲು ನಿಂತರು. ನಾನು ನೀರು ಹೊತ್ತು ಹೊತ್ತು ಕೊಟ್ಟೆ. ಹಳೆಯ ಆ ದೊಡ್ಡ ಒಲೆ ಕಣ್ಣಿಗೆ ಬಿದ್ದರೆ ಕೆಲಸ ಕೆಟ್ಟಿತು ಎಂದು ಅರ್ಜಿ ಬರೆಯುವವರು ಹೇಳಿಹೋಗಿದ್ದರು. ಅದನ್ನು ಒಡೆಯಬೇಕಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ತೋಟದ ಕಡೆ ಜಾರಿದರು. ದೊಡ್ಡತ್ತೆ ಕೆಂಡವನ್ನೆಲ್ಲ ಒಂದು ಮಡಕೆಗೆ ತೋಡಿ ತೆಗೆದರು. ಒಲೆ ಆರಲು ಒಂದು ದಿನ ಬಿಟ್ಟರು. ಆಮೇಲೆ ಗುದ್ದಲಿ ತಂದು ತಾವೇ ಒಡೆದರು. ಆ ಸುಟ್ಟ ಮಣ್ಣನ್ನು ಒನಕೆಯಲ್ಲಿ ಕುಟ್ಟಿ ಪುಡಿ ಮಾಡಿ ಹೊಸ ಮಣ್ಣಿಗೆ ಕಲಸಿದರು. ಹಾಗೆ ಮಾಡಿದರೆ ಹೊಸ ಒಲೆ ಬಿರುಕು ಬಿಡುವುದಿಲ್ಲ ಎಂದು ನನಗೆ ಹೇಳಿಕೊಟ್ಟರು. ನಾಲ್ಕೂ ಒಲೆಗೆ ಸಮ ಪಾಲು ಹಳೆ ಮಣ್ಣು ಹಾಕಿದರು.

ಮೂರು ಒಲೆಗೆ ಮೂರು ಮೂಲೆ ಸಿಕ್ಕಿತು. ನನ್ನದಕ್ಕೆ ಹಿಂಬಾಗಿಲ ಪಕ್ಕ ಜಾಗ. ಅದನ್ನು ಮಾತ್ರ ಅಂಗೈಯಲ್ಲಿ ಮತ್ತೆ ಮತ್ತೆ ಸವರಿ ನುಣ್ಣಗೆ ಮಾಡಿದರು. ನಿಜ ಹೇಳುತ್ತೇನೆ, ಈ ವಯಸ್ಸಿನಲ್ಲಿ ಸುಳ್ಳು ಹೇಳಿ ಯಾವ ಗಂಟು ಕಟ್ಟಿಕೊಳ್ಳಲಿ, ನನಗೆ ಖುಷಿಯೋ ಖುಷಿ. ನನ್ನದೇ ಒಲೆ! ಅತ್ತೆಯ ಕಣ್ಣಿಲ್ಲದೆ ನನ್ನವರಿಗೆ ಬೇಕಾದ ಹಾಗೆ ಕಡುಬು ಮಾಡಬಹುದು, ತವರಿನ ಹಾಗೆ ಮೀನಿಗೆ ಕಾಚಂಪುಳಿಯ ಹುಳಿ ಜಾಸ್ತಿ ಹಾಕಬಹುದು. ಒಲೆ ಒಣಗುವುದನ್ನು ದಿನಕ್ಕೆ ಹತ್ತು ಸಲ ಹೋಗಿ ಮುಟ್ಟಿ ನೋಡುತ್ತಿದ್ದೆ. ದೊಡ್ಡತ್ತೆ ನನ್ನ ಸಂಭ್ರಮ ಕಂಡು ನಗುತ್ತಿದ್ದರು.

ಆಮೇಲೆ ಕಾಯುವುದು ಶುರುವಾಯಿತು. ಆಫೀಸರು ಯಾವತ್ತು ಬರುತ್ತಾರೋ ಗೊತ್ತಿಲ್ಲ. ಅಯ್ಯೋ ದೇವರೇ, ಆ ದಿನಗಳು! ಕೆಳಗೆ ರಸ್ತೆಯಲ್ಲಿ ಜೀಪಿನ ಸದ್ದಾದರೆ ಸಾಕು, ನಾಲ್ಕೂ ಒಲೆಗೆ ನಾಲ್ವರು ಓಡಿಹೋಗಿ ಉರಿ ಹಾಕುವುದು. ಜೀಪು ಹಾಗೆಯೇ ಮುಂದೆ ಹೋದರೆ ಸೌದೆ ಎಳೆದು ನೀರು ಚಿಮುಕಿಸುವುದು. ಅಡುಗೆಮನೆ ತುಂಬ ಹೊಗೆ, ಎಲ್ಲರ ಕಣ್ಣೂ ಕೆಂಪು. ನಿಮ್ಮ ಮನೆ ಊಟ ಎಲ್ಲಿ ಎಂದು ಕೇಳಿದರೆ ಏನನ್ನಬೇಕೆಂದು ಮಕ್ಕಳಿಗೆ ಬಾಯಿಪಾಠ. ಒಂದು ಕೂಸಂತೂ ಯಾರು ಏನು ಕೇಳಿದರೂ “ಮೂರನೇ ಒಲೆ” ಎನ್ನತೊಡಗಿತು. ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ನಗುವಿನ ಒಳಗೇ ಹೆದರಿಕೆ. ಸುಳ್ಳು ಸಿಕ್ಕಿಬಿದ್ದರೆ ದಂಡ ಎಷ್ಟೋ, ಪಟ್ಟೆಗೇ ಕುತ್ತು ಬಂದರೆ ಏನು ಗತಿಯೋ. ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ದೊಡ್ಡತ್ತೆ ಒಂದೊಂದು ಹೊತ್ತು ಒಂದೊಂದು ಒಲೆಯ ಬಳಿ ನಿಂತು ಉಣ್ಣುತ್ತಿದ್ದರು. ಎಲ್ಲ ಒಲೆಯೂ ಅವರೇ ಹಾಕಿದ್ದಲ್ಲವೇ.

ಕೊನೆಗೂ ಬಂದರು. ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿ, ಕಾಫಿ ಹೂವಿನ ಘಮಕ್ಕೆ ತಲೆ ತಿರುಗುವ ಹೊತ್ತು, ಬೆಳಿಗ್ಗೆ ಹತ್ತರ ಸುಮಾರು. ಆಫೀಸರು ಮಾತು ಕಮ್ಮಿಯ ಮನುಷ್ಯ. ಜೊತೆಗೆ ಒಬ್ಬ ಗುಮಾಸ್ತ, ಅವನ ಕೈಯಲ್ಲಿ ನಾನು ಬರೆದ ಪಟ್ಟಿ. ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೇ ಬಂದರು, ಹೇಳಿದ್ದ ಹಾಗೆಯೇ. ಒಂದೊಂದು ಒಲೆಯ ಮುಂದೆಯೂ ನಿಂತು, ಗುಮಾಸ್ತ ಹೆಸರು ಓದಿದ ಹಾಗೆ ಜನರನ್ನು ನೋಡಿದರು. ಒಂದು, ಎರಡು, ಮೂರು. ನನ್ನ ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಪಟ್ಟಿ ಮುಗಿಯಿತು. ಇನ್ನೇನು ಹೊರಡಬೇಕು, ಆಫೀಸರು ಹಿಂತಿರುಗಿ ನೋಡಿದರು. ಕಣದಿಂದ ಬಂದ ದೊಡ್ಡತ್ತೆ ಮೊರ ಹಿಡಿದುಕೊಂಡು ಹಿಂಬಾಗಿಲಲ್ಲಿ ನಿಂತಿದ್ದರು.

“ಇವರು ಯಾರು? ಪಟ್ಟಿಯಲ್ಲಿಲ್ಲವಲ್ಲ. ಯಾವ ಒಲೆಯವರು ಇವರು?”

ಮಾವ ತಮ್ಮಂದಿರ ಮುಖ ನೋಡಿದರು. ಎಲ್ಲರಿಗೂ ಸೇರಿದವರು ಎಂದರೆ ಮನೆ ಒಂದೇ ಎಂದು ಒಪ್ಪಿಕೊಂಡ ಹಾಗೆ. ಒಬ್ಬರ ಒಲೆಯವರು ಎಂದರೆ ಪಟ್ಟಿ ಸುಳ್ಳಾಗುತ್ತದೆ. ಆಫೀಸರು ದೊಡ್ಡತ್ತೆಯನ್ನೇ ಕೇಳಿದರು. “ಅಮ್ಮಾ, ನೀವು ಎಲ್ಲಿ ಊಟ ಮಾಡ್ತೀರಿ?”

ದೊಡ್ಡತ್ತೆ ಮೊರ ಕೆಳಗಿಟ್ಟರು. ಕೈ ಸೆರಗಿಗೆ ಒರೆಸಿಕೊಂಡರು. ಒಮ್ಮೆ ಮಾವನ ಕಡೆ ನೋಡಿದರು.

“ನಾನು ನೆಂಟರು ಸ್ವಾಮಿ. ಸುಳ್ಯ ಕಡೆಯವಳು. ಬಂದು ನಾಲ್ಕು ದಿನ ಆಯ್ತು.”

ಗುಮಾಸ್ತ ಪಟ್ಟಿಯ ಅಂಚಿನಲ್ಲಿ ಏನೋ ಗೀಚಿಕೊಂಡ. ಆಫೀಸರು ತಲೆಯಾಡಿಸಿ ಹೊರಟರು.

ಜೀಪು ಕಣ್ಮರೆಯಾದದ್ದೇ ತಡ, ಮನೆಯೆಲ್ಲ ಹೋ ಎಂದಿತು. ಚಿಕ್ಕಮಾವಂದಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತಿಗೆಯ ಬುದ್ಧಿಯ ಮುಂದೆ ಅರ್ಜಿ ಬರೆಯುವವನದ್ದು ಯಾವ ಮೂಲೆಗೆ ಎಂದು ಹೊಗಳಿದ್ದೇ ಹೊಗಳಿದ್ದು. ನಾನೂ ನಕ್ಕೆ. ಅವತ್ತು ಹಂದಿಮಾಂಸದ ಊಟ. ಮಾವನೊಬ್ಬರು ಮಾತ್ರ ನಗದೆ ತಟ್ಟೆಯಲ್ಲಿ ಕೈಯಾಡಿಸುತ್ತ ಕೂತಿದ್ದರು. ದೊಡ್ಡತ್ತೆ ಎಲ್ಲರಿಗೂ ಬಡಿಸಿದರು. ಅವರು ಉಂಡರೋ ಇಲ್ಲವೋ ನಾನು ನೋಡಲಿಲ್ಲ.

ಒಲೆಗಳನ್ನು ಕೆಡವಬೇಕಲ್ಲ? ಕೆಡವಲಿಲ್ಲ. ತೆರಿಗೆಯ ಆರ್ಡರು ಬರುವವರೆಗೆ ಇರಲಿ, ಇನ್ನೊಮ್ಮೆ ಬಂದು ನೋಡಿದರೆ ಎಂದರು ಗಂಡಸರು. ಹೆಂಗಸರಿಗೂ ರುಚಿ ಹತ್ತಿತ್ತು. ಒಬ್ಬೊಬ್ಬರ ಅಕ್ಕಿ ಒಬ್ಬೊಬ್ಬರ ಡಬ್ಬಿಗೆ ಹೋಯಿತು. ಉಪ್ಪಿನಕಾಯಿಯ ಭರಣಿ ನಾಲ್ಕಾಯಿತು. ತೋರಿಕೆಗೆ ಹಚ್ಚಿದ ಉರಿಯಲ್ಲಿ ನಿಜವಾದ ಅನ್ನ ಬೇಯತೊಡಗಿತು. ಇವತ್ತು ದೊಡ್ಡತ್ತೆ ಅಲ್ಲಿ ಉಂಡಿರಬಹುದು ಎಂದು ಇಲ್ಲಿಯವರು ಅಂದುಕೊಂಡರು. ಇಲ್ಲಿ ಉಂಡಿರಬಹುದು ಎಂದು ಅಲ್ಲಿಯವರು ಅಂದುಕೊಂಡರು. ಅವರಂತೂ ಮೊದಲಿಗಿಂತಲೂ ಹೆಚ್ಚು ಓಡಾಡತೊಡಗಿದರು. ಕಣ, ಹಟ್ಟಿ, ತೋಟ, ಮತ್ತೆ ಕಣ. ಅಡುಗೆಮನೆಗೆ ಬಂದರೆ ಎಲ್ಲಿ ನಿಲ್ಲಬೇಕು ಎಂದು ತಿಳಿಯದವರ ಹಾಗೆ ನಾಲ್ಕೂ ಕಡೆ ನೋಡುತ್ತಿದ್ದರು. ನಾನು ಕಂಡಿದ್ದೇನೆ. ಕಂಡೂ ಕಾಣದವಳ ಹಾಗೆ ಇದ್ದೆ.

ಈಗ ಬರೆಯಬೇಕಾದ್ದು ಬರೆಯುತ್ತೇನೆ. ಎರಡು ದಿನದಿಂದ ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ. ಅಂಗಳಕ್ಕೆ ಹೋಗಿ ಬಂದೆ, ನೀರು ಕುಡಿದೆ, ಮತ್ತೆ ಕೂತೆ.

ಒಂದು ಮಧ್ಯಾಹ್ನ. ನನ್ನವರು ಮಡಿಕೇರಿಗೆ ಹೋಗಿ ಬೇಗ ಬರುತ್ತೇನೆಂದಿದ್ದರು. ಇಬ್ಬರಿಗೆ ಎಂದು ಅಳೆದು ಅನ್ನ ಮಾಡಿದ್ದೆ, ಮೀನು ಸಾರು ಮಾಡಿದ್ದೆ. ದೊಡ್ಡತ್ತೆ ಹಿಂಬಾಗಿಲಿಂದ ಬಂದು ನನ್ನ ಒಲೆಯ ಪಕ್ಕ ನಿಂತರು. ತಟ್ಟೆ ಅವರ ಕೈಯಲ್ಲೇ ಇತ್ತು. ನಾನು ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಹೇಳಿದೆ: “ದೊಡ್ಡತ್ತೆ, ಇಂದು ಅತ್ತೆಯ ಕಡೆ ಅಲ್ವಾ ನಿಮ್ಮ ಊಟ?”

ಇಷ್ಟೇ. ಬಯ್ಯಲಿಲ್ಲ, ಇಲ್ಲ ಎನ್ನಲಿಲ್ಲ. ಆದರೂ ಬೇಕಿದ್ದರೆ ನನ್ನ ಅನ್ನವನ್ನೇ ಬಡಿಸಬಹುದಿತ್ತಲ್ಲ! ಇನ್ನೊಂದು ಹಿಡಿ ಅಕ್ಕಿ ಹಾಕಲು ನನಗೇನು ರೋಗ ಬಂದಿತ್ತು? ಅವರ ಮುಖ ಒಂದು ಗಳಿಗೆ ಮಂಕಾಯಿತು. ಆಮೇಲೆ ಎಂದಿನ ಹಾಗೆ ನಕ್ಕು, “ಹೌದಲಾ ಗೂಡೇ, ಮರ್ತೇ ಹೋತ್” ಎಂದು ತಟ್ಟೆ ಹಿಡಿದುಕೊಂಡು ಹೊರಗೆ ಹೋದರು. ಅತ್ತೆಯ ಒಲೆ ಒಳಗಿನ ಮೂಲೆಯಲ್ಲಿತ್ತು. ಅವರು ಹೋದದ್ದು ಹೊರಗೆ.

ಮೂರೋ ನಾಲ್ಕೋ ದಿನವಾಗಿರಬೇಕು. ಬೆಳಿಗ್ಗೆ ಒಗೆದ ಸೀರೆ ಉಟ್ಟು, ತಗಡಿನ ಟ್ರಂಕು ಹಿಡಿದು ಜಗಲಿಗೆ ಬಂದರು. ತವರಿಗೆ ಹೋಗಿ ಬರುತ್ತೇನೆ, ಅಣ್ಣನ ಮಗ ಕರೆಯುತ್ತಲೇ ಇದ್ದಾನೆ ಎಂದರು. ಮಳೆಗಾಲ ಹಿಡಿಯುವ ಮೊದಲು ಬಂದುಬಿಡಿ ಎಂದು ಅತ್ತೆ ಹೇಳಿದರು. ಯಾರಿಗೂ ಅನುಮಾನ ಬರಲಿಲ್ಲ. ನಾನು ಟ್ರಂಕು ಹಿಡಿದುಕೊಂಡು ರಸ್ತೆಯವರೆಗೆ ಹೋದೆ. ಅದು ಎಷ್ಟು ಹಗುರವಾಗಿತ್ತು... ಬಸ್ಸು ಬಂತು. ಬೇಗ ಬನ್ನಿ ದೊಡ್ಡತ್ತೆ ಎಂದೆ. ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನೋಡಿ, “ನೆಂಟ್ರು ಎಷ್ಟ್ ದಿನ ಇರೊದು ಗೂಡೇ?” ಎಂದರು. ನಗುತ್ತಲೇ ಅಂದರು. ತಮಾಷೆ ಎಂದುಕೊಂಡು ನಾನೂ ನಕ್ಕೆ. ಬಸ್ಸಿನ ಧೂಳು ಇಳಿದ ಮೇಲೆ, ಆಫೀಸರ ಮುಂದೆ ಅವರು ಆಡಿದ ಮಾತು ನೆನಪಾಯಿತು.

ಮಳೆಗಾಲ ಬಂತು, ಹೋಯಿತು. ಅವರು ಬರಲಿಲ್ಲ. ಹುತ್ತರಿ ಹಬ್ಬ ಹತ್ತಿರವಾಗುತ್ತಿದ್ದಾಗ ಆರ್ಡರು ಬಂತು. ಮಾವ ನನ್ನನ್ನೇ ಕರೆದು ಓದಿಸಿದರು. ಜಮ್ಮಾ ಜಮೀನು ಪಾಲಾಗುವಂಥದ್ದಲ್ಲ, ಒಲೆ ಎಷ್ಟಿದ್ದರೂ ಜಮೀನು ಒಂದೇ, ಆದ್ದರಿಂದ ಕುಟುಂಬವೂ ಒಂದೇ, ತೆರಿಗೆ ಒಟ್ಟಾಗಿಯೇ ಕಟ್ಟತಕ್ಕದ್ದು. ಇದು ಅದರ ಸಾರಾಂಶ. ಮಾಡಿದ್ದೆಲ್ಲ ಹೊಳೆಯಲ್ಲಿ ಹೋಯಿತು. ಕಾಗದದಲ್ಲಿ ನಾಲ್ಕು, ಮನೆಯಲ್ಲಿ ಒಂದು ಎಂದು ಇರಬೇಕೆಂದು ಹೊರಟವರು ನಾವು. ಕಾಗದದಲ್ಲಿ ಒಂದೇ ಆಗಿ ಉಳಿದು ಮನೆಯಲ್ಲಿ ನಾಲ್ಕಾದೆವು.

ಚಿಕ್ಕಮಾವಂದಿರು ಅರ್ಜಿ ಬರೆಯುವವರಿಗೆ ಬಾಯಿಗೆ ಬಂದ ಹಾಗೆ ಬಯ್ದರು. ಮಾವ ಮಾತ್ರ ಎಷ್ಟೋ ತಿಂಗಳ ಮೇಲೆ ಹಗುರಾದವರ ಹಾಗೆ ಎದ್ದು ಅಂಗಿ ಹಾಕಿಕೊಂಡರು. ಮನೆ ಒಂದೇ ಎಂದು ಸರ್ಕಾರವೇ ಹೇಳಿತಲ್ಲ, ಇನ್ನೇನು ಹೆದರಿಕೆ, ಅತ್ತಿಗೆಯನ್ನು ಹುತ್ತರಿಗೆ ಕರೆದುಕೊಂಡು ಬರುತ್ತೇನೆ ಎಂದು ಅವತ್ತೇ ಸುಳ್ಯಕ್ಕೆ ಹೋದರು. ನಾನು ದೊಡ್ಡತ್ತೆಯ ಕೋಣೆ ಗುಡಿಸಿ, ನೆಲ ಸಾರಿಸಿ ಇಟ್ಟೆ. ಮೀನು ಸಾರು ಮಾಡಿ ಬಡಿಸಬೇಕು, ಕಾಲು ಹಿಡಿದು ತಪ್ಪಾಯಿತು ಎನ್ನಬೇಕು ಎಂದು ಬಾಗಿಲಿಗೂ ಒಲೆಗೂ ತಿರುಗುತ್ತಿದ್ದೆ.

ಮಾವ ಒಬ್ಬರೇ ಬಂದರು. ಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತು, ಸುಳ್ಯದಲ್ಲಿ ನಡೆದದ್ದು ಹೇಳಿದರು. ಅತ್ತಿಗೆ ಚಾಪೆ ಹಾಸಿ ಕೂರಿಸಿ, ಬೆಲ್ಲದ ಕಾಫಿ ಕೊಟ್ಟು, ಬಂದ ನೆಂಟರನ್ನು ವಿಚಾರಿಸಿಕೊಳ್ಳುವ ಹಾಗೆ ವಿಚಾರಿಸಿಕೊಂಡರಂತೆ. ಆರ್ಡರಿನ ವಿಷಯವೆಲ್ಲ ಕೇಳಿ ಒಂದೇ ಮಾತು ಕೇಳಿದರಂತೆ. “ಅಡುಗೆಮನೆಲಿ ಈಗ ಒಲೆ ಎಷ್ಟುಟ್ಟು?”

ನಾಲ್ಕು ಎಂದು ಮಾವ ಹೇಳಬೇಕಾಯಿತು. ಅವರು ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದರಂತೆ.

ಮಾವ ಎದ್ದು ಗುದ್ದಲಿ ತಂದು ಅಡುಗೆಮನೆಯ ನಡುವೆ ಇಟ್ಟರು. “ಒಡೀರಿ. ಒಂದೇ ಒಲೆ ಸಾಕು. ನಾಳೆಯೇ ಹೋಗಿ ಕರ್ಕೊಂಡು ಬರ್ತೇನೆ.” ನಾವು ನಾಲ್ವರು ಹೆಂಗಸರು ನಿಂತಿದ್ದೆವು. ಅತ್ತೆ ಚಿಕ್ಕತ್ತೆಯರ ಮುಖ ನೋಡಿದರು, ಅವರು ನನ್ನ ಮುಖ ನೋಡಿದರು. ಮೊದಲು ಯಾರದ್ದು ಒಡೆಯಬೇಕು? ನನ್ನದು ಒಡೆಯಿರಿ ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದರೆ ಸಾಕಿತ್ತು! ಹಿಂಬಾಗಿಲ ಪಕ್ಕದ ಆ ನುಣ್ಣನೆಯ ಒಲೆಯ ಕಡೆ ನೋಡಿದೆ. ಗುದ್ದಲಿಗೆ ಕೈ ಹಾಕಲಿಲ್ಲ. ಗುದ್ದಲಿ ಎರಡು ದಿನ ಅಲ್ಲೇ ಬಿದ್ದಿತ್ತು. ಮೂರನೆಯ ದಿನ ಯಾರೋ ಕೊಟ್ಟಿಗೆಗೆ ತೆಗೆದುಕೊಂಡು ಹೋದರು.

ಮುಂದಿನ ಮಳೆಗಾಲದಲ್ಲಿ ಒಂದು ಕಾರ್ಡು ಬಂತು, ಮಾವನ ಹೆಸರಿಗೆ, ಅಣ್ಣನ ಮಗ ಬರೆದದ್ದು. ನಿಮ್ಮ ಅತ್ತಿಗೆಯವರು ತೀರಿಕೊಂಡರು, ಎಲ್ಲ ಕಾರ್ಯ ಇಲ್ಲಿಯೇ ಮುಗಿಸಿದ್ದೇವೆ ಎಂದು ಎರಡು ಸಾಲು. ಮಾವ ಗೋಡೆಗೆ ತಲೆ ಕೊಟ್ಟು ಅತ್ತರು. ಗಂಡಸು ಹಾಗೆ ಅತ್ತದ್ದನ್ನು ನಾನು ಮತ್ತೆ ಕಂಡಿಲ್ಲ. ಅವತ್ತು ನಾಲ್ಕೂ ಒಲೆಯಲ್ಲಿ ಉರಿ ಇರಲಿಲ್ಲ. ಮಾರನೆಯ ದಿನ ಮತ್ತೆ ಹಚ್ಚಿದೆವು.

ಈಗ ಆ ಮನೆ ಇಲ್ಲ, ಆ ಒಲೆಗಳೂ ಇಲ್ಲ, ಪಟ್ಟಿಯಲ್ಲಿದ್ದ ದೊಡ್ಡವರಲ್ಲಿ ಉಳಿದವಳು ನಾನೊಬ್ಬಳೇ. ಕಳೆದ ವಾರ ಆಡಿಟರು ನನ್ನನ್ನು ಜಗಲಿಗೆ ಕರೆದು ಹಾಳೆ ತೋರಿಸಿದರು. ನನಗೊಂದು ಚೌಕ ಕೊಟ್ಟಿದ್ದರು, ಎಲ್ಲರದ್ದಕ್ಕಿಂತ ದೊಡ್ಡದು. ಎಂಬತ್ತು ದಾಟಿದವರಿಗೆ ತೆರಿಗೆಯಲ್ಲಿ ರಿಯಾಯಿತಿ ಹೆಚ್ಚಂತೆ. ಮೊಮ್ಮಗ ನನ್ನ ಹೆಗಲ ಮೇಲೆ ಕೈಯಿಟ್ಟು, “ಅಜ್ಜೀ, ನೀನೇ ನಮ್ಮ ಆಸ್ತಿ” ಎಂದು ನಕ್ಕ. ಒಳ್ಳೆಯ ಹುಡುಗ. ಅವನಿಗೇನು ಗೊತ್ತು.

“ವಂಶವೃಕ್ಷ ಪೂರ್ತಿ ಬೇಕು ಅಜ್ಜಿ,” ಎಂದರು ಆಡಿಟರು. “ಈ ಜಾಗದಲ್ಲಿ ಹಕ್ಕಿದ್ದೋರು ಹಳಬರಲ್ಲಿ ಯಾರಾದ್ರೂ ಬಿಟ್ಟುಹೋಗಿದ್ದಾರಾ ನೋಡಿ.”

“ಒಬ್ಬರು ಬಿಟ್ಟುಹೋಗಿದ್ದಾರೆ” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. “ನನ್ನ ಮಾವನ ಅಣ್ಣನ ಹೆಂಡತಿ. ಬರೆಯಿರಿ. ಎಲ್ಲರಿಗಿಂತ ಮೊದಲು ಬರೆಯಿರಿ.”

ಆಡಿಟರು ಹೊಸದೊಂದು ಚೌಕ ಎಳೆದರು. “ಹೆಸರು ಹೇಳಿ.”

ಬಾಯಿ ತೆರೆದೆ. ಮಾವನಿಗೆ ಅತ್ತಿಗೆ, ನನ್ನವರಿಗೆ ದೊಡ್ಡವ್ವ, ಆಳುಗಳಿಗೆ ದೊಡ್ಡಮ್ಮ. ಕಾರ್ಡಿನಲ್ಲೂ ನಿಮ್ಮ ಅತ್ತಿಗೆ. ಹೆಸರು ಹಿಡಿದು ಕರೆಯುವಷ್ಟು ಹಿರಿಯರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಅವತ್ತು ಶಾಯಿ ಪೆನ್ನು ಹಿಡಿದು ಕೂತಿದ್ದಾಗ, ನಿಮ್ಮ ಹೆಸರೇನು ದೊಡ್ಡತ್ತೆ ಎಂದು ನಾನು ಕೇಳಿ ಬರೆಯಬೇಕಿತ್ತು. ಬಾಗಿಲಲ್ಲೇ ನಿಂತಿದ್ದರಲ್ಲ, ಕಾಫಿ ಲೋಟ ಹಿಡಿದುಕೊಂಡು...

ಹಿತ್ತಲಿಂದ ಹಸಿ ಮಣ್ಣಿನ ವಾಸನೆ ಬರುತ್ತಲೇ ಇತ್ತು. ಆಡಿಟರು ಪೆನ್ನು ಹಿಡಿದು ಕಾಯುತ್ತಿದ್ದರು. ಚೌಕ ಖಾಲಿ ಇತ್ತು. ನನಗೆ ಅವರ ಹೆಸರು ಗೊತ್ತಿಲ್ಲ.